ಹಿತ್ತಲಿನ ಮಡಿಯೂ ಸ್ವಾವಲಂಬನೆಯ ಧರ್ಮವೂ

ತಾನು ಉಣ್ಣುವುದನ್ನು ತಾನೇ ಬೆಳೆದುಕೊಂಡವನು ಯಾರ ಹಂಗಿಗೂ ಒಳಗಾಗದೆ ಬದುಕಬಲ್ಲನೆಂದು ಲೋಕದಲ್ಲಿ ಹೇಳುವುದುಂಟು. ಈ ಮಾತಿನಲ್ಲಿ ಸತ್ಯವೂ ಇದೆ. ಸತ್ಯದ ಮಗ್ಗುಲಲ್ಲಿಯೇ ಒಂದು ಸೂಕ್ಷ್ಮವಾದ ಭ್ರಾಂತಿಯೂ ಇದೆ. ಸತ್ಯವನ್ನು ಉಳಿಸಿಕೊಂಡು ಭ್ರಾಂತಿಯನ್ನು ಕಳೆದುಕೊಳ್ಳುವುದು ಹೇಗೆಂಬುದನ್ನು ವಾಚಕ ಮಹಾಶಯರೊಡನೆ ಕುಳಿತು ವಿಚಾರ ಮಾಡುವುದೇ ಈ ಲೇಖನದ ಉದ್ದೇಶವಾಗಿದೆ.

ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ, ಉದ್ಯೋಗನಿಮಿತ್ತವಾಗಿ ಪಟ್ಟಣಗಳನ್ನು ಸೇರಿದ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ನಿವೃತ್ತರಾದ ಮೇಲೆ ಹುಟ್ಟೂರಿಗೆ ಮರಳುತ್ತಿದ್ದಾರೆ. ಮನೆಯ ಹಿಂದೆ ಪಾಳುಬಿದ್ದ ಹಿತ್ತಲನ್ನು ಹಸನು ಮಾಡಿ, ಏರುಮಡಿಗಳನ್ನು ಕಟ್ಟಿ, ವಿಷವಿಲ್ಲದ ಕಾಯಿಪಲ್ಯವನ್ನು ಬೆಳೆಯಬೇಕೆಂಬ ಹಂಬಲ ಅವರಲ್ಲಿ ಮೂಡಿದೆ. ಹಂಬಲವು ಸ್ತುತ್ಯವಾದದ್ದೇ. ಆದರೆ ಎರಡು ವರ್ಷ ಬೆಂಡೆ, ಬದನೆ, ಬಸಳೆಗಳನ್ನು ಕೊಳ್ಳದೆ ಕಳೆದವನ ಬಾಯಲ್ಲಿ "ನಮಗೆ ಈಗ ಯಾರ ಅವಶ್ಯಕತೆಯೂ ಇಲ್ಲ" ಎಂಬ ಮಾತು ಬಂದಾಗ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ಅವಲಂಬನೆ ಎಂದರೆ ಆಶ್ರಯ. ಸ್ವಾವಲಂಬನೆ ಎಂದರೆ ತನಗೆ ತಾನೇ ಆಶ್ರಯವಾಗುವುದು. ಆ 'ತಾನು' ಎಂಬುದರ ಎಲ್ಲೆ ಎಲ್ಲಿಯವರೆಗೆ? ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಈ ಗಂಟನ್ನು ಬಿಚ್ಚಲು ಒಂದು ಊರನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ, ಹುಲಿಕಲ್ ಘಾಟಿಯ ನೆತ್ತಿಗೆ ಸಮೀಪದಲ್ಲಿ ಮಾಸ್ತಿಕಟ್ಟೆ ಎಂಬ ಊರಿದೆ. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ಲುಗಳ ಜೊತೆಗೆ ಇದರ ಹೆಸರೂ ವೃತ್ತಪತ್ರಿಕೆಗಳ ಮಳೆಯ ಪಟ್ಟಿಯಲ್ಲಿ ಮೇಲುಸಾಲಿನಲ್ಲಿ ಕಾಣಿಸುತ್ತದೆ. ಚಿತ್ರದುರ್ಗದ ಕಡೆಯ ಬಯಲುನಾಡಿನಲ್ಲಿ ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬಿದ್ದರೆ, ಘಟ್ಟದ ಈ ಅಂಚಿನಲ್ಲಿ ೫೦೦೦ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ. ನೀರಿಲ್ಲದೆ ಗಿಡ ಸಾಯುವುದನ್ನು ಬಯಲುಸೀಮೆಯವರು ಬಲ್ಲರು. ಇಲ್ಲಿ ಗಿಡ ಸಾಯುವುದು ನೀರು ಹೆಚ್ಚಾಗಿ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು; ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿ ನಿಂತರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಅಲ್ಲದೆ ಧಾರಾಕಾರವಾಗಿ ಸುರಿವ ಮಳೆಯು ಮಣ್ಣಿನ ಸಾರವನ್ನೂ ಸುಣ್ಣದ ಅಂಶವನ್ನೂ ತೊಳೆದೊಯ್ಯುವುದರಿಂದ ನೆಲದಲ್ಲಿ ಹುಳಿಯ ಗುಣ ಹೆಚ್ಚುತ್ತದೆ. ಆದುದರಿಂದ ಇಂಥ ಪ್ರದೇಶದಲ್ಲಿ ಏರುಮಡಿಯೆಂಬುದು ಅಂದಕ್ಕಾಗಿ ಮಾಡುವ ಕೆಲಸವಲ್ಲ, ಹಿತ್ತಲು ಬದುಕಬೇಕಾದರೆ ಮಾಡಲೇಬೇಕಾದ ಕೆಲಸ.

ಮಾಡುವ ಕ್ರಮವೂ ಕಷ್ಟದ್ದಲ್ಲ. ಮಡಿಯ ಅಗಲ ಮೂರರಿಂದ ನಾಲ್ಕು ಅಡಿ ಇರಬೇಕು. ಆಗ ಎರಡು ಮಗ್ಗುಲಿನಿಂದಲೂ ಕೈ ನಡುವಿನವರೆಗೆ ಎಟಕುತ್ತದೆ, ಮಡಿಯ ಮೇಲೆ ಕಾಲಿಟ್ಟು ಮಣ್ಣನ್ನು ತುಳಿದು ಗಟ್ಟಿಮಾಡುವ ಪ್ರಸಂಗವೇ ಬರುವುದಿಲ್ಲ. ಎತ್ತರ ಒಂದು ಅಡಿಯಿಂದ ಒಂದೂವರೆ ಅಡಿ. ಉದ್ದ ಎಷ್ಟಾದರೂ ಆಗಬಹುದು. ಆದರೆ ಅದು ಇಳಿಜಾರಿಗೆ ಅಡ್ಡಲಾಗಿರಬೇಕು. ಇಳಿಜಾರಿನ ಗುಂಟ ಕಟ್ಟಿದ ಮಡಿಗಳ ನಡುವಿನ ಕಾಲುವೆ ಮೊದಲ ಮಳೆಗೇ ಹಳ್ಳವಾಗಿ, ಮೇಲ್ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಮಗ್ಗುಲುಗಳಿಗೆ ಜಂಬಿಟ್ಟಿಗೆಯನ್ನೋ ಅಡಿಕೆ ದಬ್ಬೆಯನ್ನೋ ನಿಲ್ಲಿಸಿ, ಒಳಗೆ ಕಾಲುವೆಯಿಂದ ತೆಗೆದ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ದರಕು ಅಂದರೆ ಉದುರಿದ ಒಣಎಲೆ, ಒಲೆಯ ಬೂದಿ, ಹಿಡಿಯಷ್ಟು ಸುಣ್ಣ ಇವುಗಳನ್ನು ಪದರಪದರವಾಗಿ ತುಂಬುತ್ತಾರೆ. ಮೇಲೆ ಸೊಪ್ಪಿನ ಹೊದಿಕೆ ಇರಲೇಬೇಕು. ಬರಿಮಣ್ಣಿನ ಮೇಲೆ ಬಿದ್ದ ಹನಿ ಮಣ್ಣನ್ನು ಒಡೆಯುತ್ತದೆ, ಸೊಪ್ಪಿನ ಮೇಲೆ ಬಿದ್ದದ್ದು ಮೆಲ್ಲಗೆ ಇಳಿಯುತ್ತದೆ. ಮಳೆ ಹಿಡಿಯುವ ಮುನ್ನ ಸೌತೆ, ಹೀರೆ, ಹಾಗಲ, ಬೆಂಡೆ, ಅರಿಶಿನ, ಕೆಸು, ಸುವರ್ಣಗೆಡ್ಡೆ. ಮಳೆ ಹಿಂಜರಿದ ಮೇಲೆ ಹರಿವೆ, ಮೂಲಂಗಿ, ಬದನೆ, ಅಲಸಂದೆ. ಹೀಗೆ ಋತುವನ್ನನುಸರಿಸಿದರೆ ಒಂದು ಚಿಕ್ಕ ಸಂಸಾರದ ಪಲ್ಯಕ್ಕೆ ಎಂಟು ಹತ್ತು ಮಡಿಗಳು ಬಹುಮಟ್ಟಿಗೆ ಸಾಕಾಗುತ್ತವೆ.

ಇಷ್ಟನ್ನು ಮಾಡಿ ಮುಗಿಸಿದವನು ತನ್ನ ಮಡಿಯ ಪಕ್ಕದಲ್ಲಿ ನಿಂತು ಒಂದು ಲೆಕ್ಕವನ್ನು ಬರೆಯಲಿ. ಮಡಿ ಎತ್ತರವಾದದ್ದು ಹೇಗೆ? ಪಕ್ಕದ ನೆಲ ತಗ್ಗಾದದ್ದರಿಂದ. ಕಾಲುವೆ ತನ್ನ ಮಣ್ಣನ್ನು ಕೊಡದಿದ್ದರೆ ಮಡಿಗೆ ಎತ್ತರವೆಂಬುದೇ ಇಲ್ಲ. ಇದು ಲೆಕ್ಕದ ಮೊದಲನೆಯ ಸಾಲು.

ಎರಡನೆಯದು ಸೊಪ್ಪಿನ ಸಾಲು. ಮಲೆನಾಡಿನ ಅಡಿಕೆ ತೋಟಗಳಿಗೆ ಹೊಂದಿಕೊಂಡು ಸೊಪ್ಪಿನಬೆಟ್ಟಗಳಿರುವುದನ್ನು ತಾವು ಬಲ್ಲಿರಿ. ಹಸಿರೆಲೆ, ದರಕುಗಳನ್ನು ತರಲು ತೋಟದವರಿಗೆ ಸರ್ಕಾರ ಬಿಟ್ಟುಕೊಟ್ಟ ಕಾಡು ಅದು. ನೆರೆಯ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟವನ್ನು ಬಿಟ್ಟುಕೊಟ್ಟದ್ದುಂಟು. ಇದರ ಅರ್ಥವೇನು? ಒಂದು ಎಕರೆಯ ಹಸಿರನ್ನು ಅದರ ಹಲವು ಪಟ್ಟು ಕಾಡು ಹೊತ್ತು ಸಾಕುತ್ತಿತ್ತು. ತೋಟದ ಯಜಮಾನನು "ನನ್ನ ತೋಟ" ಎನ್ನುವಾಗ ಬೇಲಿಯೊಳಗಿನ ನೆಲವನ್ನು ಮಾತ್ರ ಎಣಿಸುತ್ತಾನೆ. ತೋಟ ತಾನು ಬದುಕುವಾಗ ಬೇಲಿಯ ಹೊರಗಿನ ಬೆಟ್ಟವನ್ನೂ ಸೇರಿಸಿಕೊಂಡು ಬದುಕುತ್ತದೆ. ಬೆಟ್ಟಗಳನ್ನು ಹಂಗಾಮಿಗೊಮ್ಮೆ ಮಿತಿಯರಿತು ಸವರಿದ ಕಡೆ ತೋಟ ತಲೆಮಾರುಗಳ ಕಾಲ ನಿಂತಿತು. ಮಿತಿಮೀರಿ ಸವರಿದ ಕಡೆ ಬೆಟ್ಟ ಬೋಳಾಯಿತು, ತೋಟಕ್ಕೆ ಹೊರಗಿನಿಂದ ಗೊಬ್ಬರದ ಮೂಟೆ ಬರಬೇಕಾಯಿತು. ನಮ್ಮ ಹಿತ್ತಲಿನ ಮಡಿಗೂ ಇದೇ ನಿಯಮ. ಒಂದು ಬುಟ್ಟಿ ದರಕನ್ನು ಕಾಡಿನಿಂದ ಗುಡಿಸಿ ತಂದಾಗಲೆಲ್ಲ ಅಷ್ಟು ಆಹಾರವನ್ನು ಅಲ್ಲಿಯ ಮರದ ಬುಡದಿಂದ ತೆಗೆದುಕೊಂಡಿರುತ್ತೇವೆ.

ಮೂರನೆಯದು ನೀರಿನ ಸಾಲು. ಮಡಿಯಿಂದ ಬಸಿದ ನೀರು ಎಲ್ಲಿಗೆ ಹೋಗುತ್ತದೆ? ಕಾಲುವೆಯ ಬಾಯಿಯನ್ನು ಕೆಳಗಿನ ಮನೆಯವರ ಅಂಗಳಕ್ಕೆ ತಿರುಗಿಸಿ ನಮ್ಮ ಹಿತ್ತಲನ್ನು ಒಣಗಿಸಿಕೊಳ್ಳುವುದು ಬಲು ಸುಲಭ. ಮಲೆನಾಡಿನ ನೆರೆಹೊರೆಯ ಜಗಳಗಳಲ್ಲಿ ಎಷ್ಟೋ ಇಂಥ ಕಾಲುವೆಯ ಬಾಯಲ್ಲಿಯೇ ಹುಟ್ಟಿದವು. ಕಾಲುವೆಯ ತುದಿಯಲ್ಲೊಂದು ಇಂಗುಗುಂಡಿಯನ್ನು ತೋಡಿದರೆ ನೀರಿನ ಆವೇಗ ತಗ್ಗುತ್ತದೆ, ಕೊಚ್ಚಿಬಂದ ಮಣ್ಣು ಅಲ್ಲಿ ನಿಲ್ಲುತ್ತದೆ. ಮಳೆಗಾಲ ಮುಗಿದ ಮೇಲೆ ಆ ಗೋಡುಮಣ್ಣನ್ನು ಎತ್ತಿ ಮತ್ತೆ ಮಡಿಗೆ ಹಾಕಬಹುದು. ಕೆಳಗಿನವನಿಗೆ ಉಪದ್ರವವಿಲ್ಲ, ಮೇಲಿನವನಿಗೆ ನಷ್ಟವಿಲ್ಲ. ಒಂದು ಗುಂಡಿಯನ್ನು ತೋಡುವ ಇಷ್ಟು ಚಿಕ್ಕ ಕೆಲಸದಲ್ಲಿ ನೆರೆಯವನ ಹಿತವೂ ನಮ್ಮ ಹಿತವೂ ಒಂದೇ ಆಗುವುದನ್ನು ಗಮನಿಸಬೇಕು.

ನೀರಿನ ಮಾತು ಬಂದಾಗ ಮಾಸ್ತಿಕಟ್ಟೆಯ ಸುತ್ತಲಿನ ದೊಡ್ಡ ನೀರುಗಳನ್ನು ಮರೆಯಲಾಗದು. ಕನ್ನಡದಲ್ಲಿ 'ಕಟ್ಟೆ' ಎಂದರೆ ಕುಳಿತುಕೊಳ್ಳಲು ಎತ್ತರಿಸಿದ ಜಗಲಿಯೂ ಹೌದು, ನೀರನ್ನು ತಡೆದು ನಿಲ್ಲಿಸಿದ ಒಡ್ಡೂ ಹೌದು. ಎರಡನೆಯ ಅರ್ಥದ ಕಟ್ಟೆಗಳು ಈ ನಾಡಿನಲ್ಲಿ ಹಲವಾಗಿವೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಗ್ರಾಮಗಳನ್ನು ಆವರಿಸಿತು. ಮುಂದೆ ವಾರಾಹಿ ನದಿಗೆ ಮಾಣಿಯಲ್ಲಿ ಅಣೆಕಟ್ಟಾಯಿತು; ಘಟ್ಟದ ಕೆಳಗೆ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರ ೧೯೮೯ರಲ್ಲಿ ಕೆಲಸವನ್ನಾರಂಭಿಸಿತು; ೨೦೦೯ರಲ್ಲಿ ಮತ್ತೆರಡು ಯಂತ್ರಗಳು ಸೇರಿ ಅದರ ಸಾಮರ್ಥ್ಯ ೪೬೦ ಮೆಗಾವಾಟ್ ಆಯಿತು. ಈ ಯೋಜನೆಗಾಗಿಯೇ ಮಾಸ್ತಿಕಟ್ಟೆಯಲ್ಲಿ ವಿದ್ಯುತ್ ನಿಗಮದ ವಸತಿಗಳು ಎದ್ದವು. ನಾಡಿಗೆ ಬೆಳಕು ಬೇಕಾಗಿತ್ತು, ಬಂದಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮುಳುಗಿದ್ದು ಯಾವುದು? ಗದ್ದೆಯ ಅಕ್ಕಿ, ತೋಟದ ಅಡಿಕೆ, ಮೆಣಸು, ಬಾಳೆ, ಹಿತ್ತಲಿನ ಬಸಳೆಯ ಚಪ್ಪರ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮಿಡಿಮಾವಿನ ಭರಣಿ, ಹೀಗೆ ಬಹುಮಟ್ಟಿಗೆ ತಮ್ಮ ನೆಲದಲ್ಲಿಯೇ ತಮ್ಮ ಊಟವನ್ನು ಕಂಡಿದ್ದ ಮನೆಗಳು. ಅವರಲ್ಲಿ ಅನೇಕ ಕುಟುಂಬಗಳನ್ನು ಬೇರೆಡೆಯ ಕಾಡುಭೂಮಿಗಳಲ್ಲಿ ನೆಲೆಗೊಳಿಸಲಾಯಿತು. ಆ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳ ಕಾಲ ಅವರ ಬೆನ್ನು ಬಿಡಲಿಲ್ಲ. ಪಟ್ಟಣದಲ್ಲಿ ಆ ವಿದ್ಯುತ್ತಿನ ದೀಪದಡಿಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತಿವೇತನವನ್ನು ಪಡೆದು, ಊರಿಗೆ ಬಂದು, ಅದೇ ವಿದ್ಯುತ್ತಿನಿಂದ ಬಾವಿಯ ನೀರನ್ನೆತ್ತಿ ಹಿತ್ತಲಿಗೆ ಹಾಯಿಸುವವನು "ನಾನು ಸ್ವಾವಲಂಬಿ" ಎಂದಾಗ, ನೀರಿನಡಿಯಲ್ಲಿರುವ ಆ ಹಿತ್ತಲುಗಳನ್ನು ಅವನ ಲೆಕ್ಕದ ಯಾವ ಸಾಲಿನಲ್ಲಿ ಬರೆಯಬೇಕು?

ವಾಚಕರು ಇದನ್ನು ಆಕ್ಷೇಪವೆಂದು ತಿಳಿಯಬಾರದು. ತೋಟ ಮಾಡುವವನನ್ನು ನಿರುತ್ಸಾಹಗೊಳಿಸುವುದು ಈ ಲೇಖನದ ಆಶಯವಲ್ಲ. ಪೂರ್ಣ ಸ್ವಾವಲಂಬನೆಯೆಂಬುದು ಎಲ್ಲಿಯೂ ಇದ್ದದ್ದಲ್ಲವೆಂಬುದನ್ನು ಮಾತ್ರ ಒಪ್ಪಿಕೊಳ್ಳೋಣ. ಹಿಂದಿನ ಮಲೆನಾಡಿನ ತುಂಬಿದ ಮನೆಗೂ ಉಪ್ಪು ಘಟ್ಟದ ಕೆಳಗಿನಿಂದಲೇ ಬರಬೇಕಾಗಿತ್ತು. ಅಮೆರಿಕೆಯ ಥೋರೋ ೧೮೪೫ರಿಂದ ಎರಡು ವರ್ಷ ವಾಲ್ಡನ್ ಕೊಳದ ದಡದಲ್ಲಿ ಗುಡಿಸಲು ಕಟ್ಟಿ, ಅವರೆಯಂಥ ಕಾಳನ್ನು ಬೆಳೆದು ಸ್ವತಂತ್ರವಾಗಿ ಬದುಕಿ ತೋರಿಸಿದನೆಂದು ಲೋಕ ಕೊಂಡಾಡುತ್ತದೆ. ಆದರೆ ಆ ಗುಡಿಸಲು ನಿಂತಿದ್ದ ನೆಲ ಅವನ ಮಿತ್ರ ಎಮರ್ಸನ್ನನದು. ೧೯೯೧ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಎಣ್ಣೆ, ಗೊಬ್ಬರಗಳು ಬಾರದಂತಾದಾಗ ಕ್ಯೂಬಾ ದೇಶದ ಜನರು ಪಟ್ಟಣಗಳ ಖಾಲಿ ನಿವೇಶನಗಳಲ್ಲಿ ಏರುಮಡಿಗಳನ್ನು ಕಟ್ಟಿ ಕಾಯಿಪಲ್ಯವನ್ನು ಬೆಳೆದು ದೊಡ್ಡ ಸಂಕಟವನ್ನು ದಾಟಿದರು. ಆದರೂ ಧಾನ್ಯಕ್ಕಾಗಿ ಹೊರದೇಶಗಳ ಹಡಗನ್ನು ಕಾಯುವುದು ಅವರಿಗೆ ತಪ್ಪಲಿಲ್ಲ. ಮಡಿಯು ಹಂಗನ್ನು ಕಡಿಮೆ ಮಾಡಬಲ್ಲದು. ಪೂರ್ತಿಯಾಗಿ ಕಳೆಯಲಾರದು.

ಹಾಗಾದರೆ ಸ್ವಾವಲಂಬನೆಗೆ ಅರ್ಥವೇ ಇಲ್ಲವೆ? ಇದೆ. ಅದನ್ನು ಕಾಣಲು ಇದೇ ಸೀಮೆಯ ಮತ್ತೊಂದು ಬಗೆಯ ಮಡಿಯನ್ನು ನೋಡಬೇಕು. ಮಲೆನಾಡಿನ ಅನೇಕ ಗದ್ದೆಗಳಲ್ಲಿ ಶುಂಠಿಯನ್ನು ಬೆಳೆಯುವುದೂ ಏರುಮಡಿಗಳಲ್ಲಿಯೇ. ಏಕೆಂದರೆ ನೀರು ನಿಂತರೆ ಶುಂಠಿಗೆ ಕೊಳೆರೋಗ ತಗಲುತ್ತದೆ. ಅಳತೆ ಹೆಚ್ಚುಕಡಿಮೆ ಅದೇ, ಬಸಿಗಾಲುವೆ ಅದೇ, ಸೊಪ್ಪಿನ ಹೊದಿಕೆಯೂ ಅದೇ. ಆದರೆ ಗುತ್ತಿಗೆಗೆ ಹಿಡಿದ ನೆಲದಲ್ಲಿ, ಒಂದು ವರ್ಷದಲ್ಲಿ ಹಣ ಮಾಡಿಕೊಂಡು ಹೊರಡುವ ಆತುರದಲ್ಲಿ ಬೆಳೆದಾಗ, ಗೊಬ್ಬರ ಮತ್ತು ವಿಷಗಳಿಗೆ ಮಿತಿಯೆಂಬುದೇ ಇರುವುದಿಲ್ಲ. ಬೆಳೆಗಾರ ಹೊರಟುಹೋದ ಮೇಲೆ ದಣಿದ ನೆಲ ಹಿಂದೆ ಉಳಿಯುತ್ತದೆ. ಇನ್ನೊಂದೆಡೆ ಗದ್ದೆಗಳೆಲ್ಲ ಅಡಿಕೆ ತೋಟಗಳಾಗಿ, ಅಡಿಕೆ ಮಾರಿ ಅಕ್ಕಿಯನ್ನೂ ತರಕಾರಿಯನ್ನೂ ಕೊಳ್ಳುವುದು ಶ್ರೀಮಂತಿಕೆಯ ಲಕ್ಷಣವೆನಿಸಿತು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬಿದಾಗ, ಒಂದೇ ಬೆಳೆಯ ಮೇಲೆ ಇಡೀ ಮನೆಯ ಭಾರವನ್ನು ಹೊರಿಸಿದ್ದರ ಅಪಾಯ ಮನವರಿಕೆಯಾಯಿತು. ಆದುದರಿಂದ ಮಡಿಯ ಆಕಾರದಲ್ಲಿ ಧರ್ಮವೂ ಇಲ್ಲ, ಅಧರ್ಮವೂ ಇಲ್ಲ. ಎಷ್ಟು ತೆಗೆದುಕೊಳ್ಳುತ್ತೇವೆ, ಎಷ್ಟನ್ನು ಹಿಂದಿರುಗಿಸುತ್ತೇವೆ ಎಂಬುದರಲ್ಲಿ ಅವೆರಡೂ ಇವೆ.

ಈ ಮಿತಿಯನ್ನು ಬದುಕಿ ತೋರಿಸಿದ ಹಿರಿಯರೊಬ್ಬರು ಮಾಸ್ತಿಕಟ್ಟೆಯಿಂದ ಘಟ್ಟವಿಳಿದರೆ ಸಿಗುವ ಉಡುಪಿ ಜಿಲ್ಲೆಯಲ್ಲಿದ್ದರು. ದಿವಂಗತ ಚೇರ್ಕಾಡಿ ರಾಮಚಂದ್ರ ರಾಯರು ಗಾಂಧೀಜಿಯವರ ಮಾರ್ಗದಲ್ಲಿ ನಡೆದವರು. ಸುಮಾರು ಎರಡೂವರೆ ಎಕರೆಯ ನೆಲದಲ್ಲಿ, ನೇಗಿಲು ಹೂಡದೆ, ಕೈದುಡಿಮೆಯಿಂದಲೇ ಭತ್ತವನ್ನೂ ತರಕಾರಿಯನ್ನೂ ಬೆಳೆದು ಸಂಸಾರವನ್ನು ನಡೆಸಿದರು. ಚರಕದಲ್ಲಿ ನೂಲನ್ನೂ ತೆಗೆಯುತ್ತಿದ್ದರು. ಅವರಿಗೆ ನೆಲ ಹೆಚ್ಚಾಗಿ ಇರಲಿಲ್ಲ, ಯಂತ್ರವಿರಲಿಲ್ಲ. ಸಾಕೆಂಬುದು ಎಲ್ಲಿಗೆ ಎಂಬುದು ಅವರಿಗೆ ಗೊತ್ತಿತ್ತು. ನೋಡಲು ಬಂದವರಿಗೆ ತಮ್ಮ ರೀತಿಯನ್ನು ತಿಳಿಸಿಕೊಡುವ ಔದಾರ್ಯವಿತ್ತು.

ಸಾಕೆಂಬುದರ ಅರಿವನ್ನು ನಮ್ಮ ಶರಣಪರಂಪರೆ ಎಂಟುನೂರು ವರ್ಷಗಳ ಹಿಂದೆಯೇ ಒಂದು ಕಥೆಯಾಗಿ ಕಾಪಾಡಿಕೊಟ್ಟಿದೆ. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದಿಂದ ಜೀವಿಸುತ್ತಿದ್ದರು. ಅದರಲ್ಲಿಯೇ ದಾಸೋಹವೂ ನಡೆಯುತ್ತಿತ್ತು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಕ್ಕೆ ಸೇರಿಸಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದರು. ಮಾರಯ್ಯ ದಂಪತಿಗಳಿಗೆ ಗೇಣು ನೆಲವೂ ಇರಲಿಲ್ಲ. ಆಯ್ದ ಅಕ್ಕಿ ಬೇರೆಯವರು ಬೆಳೆದದ್ದು. ಆದರೂ ಅವರನ್ನು ಪರಾವಲಂಬಿಗಳೆಂದು ಯಾರೂ ಕರೆಯಲಾರರು. ಏಕೆ? ತಮ್ಮ ದುಡಿಮೆಯ ಅಳತೆಯನ್ನೂ ತಮ್ಮ ಅಗತ್ಯದ ಅಳತೆಯನ್ನೂ ಅವರು ಮೀರಲಿಲ್ಲ. ತಮಗಿದ್ದುದರಲ್ಲಿ ಇನ್ನೊಬ್ಬರಿಗೂ ಪಾಲಿಟ್ಟರು. ಸ್ವಾವಲಂಬನೆಗೆ ಇದಕ್ಕಿಂತ ಸರಿಯಾದ ಲಕ್ಷಣವನ್ನು ಹೇಳುವುದು ಕಷ್ಟ. ಹತ್ತು ಎಕರೆಯ ಒಡೆಯನಾಗಿ ಕೆಲಸವನ್ನೆಲ್ಲ ಕೂಲಿಯವರಿಂದ ಮಾಡಿಸಿ, ಬುಟ್ಟಿಯನ್ನು ಮಾತ್ರ ತಾನು ಹಿಡಿದು "ನಾನೇ ಬೆಳೆದದ್ದು" ಎನ್ನುವವನು ಲಕ್ಕಮ್ಮನವರ ಮುಂದೆ ನಿಲ್ಲಲಾರನು.

ಮಿತಿಯನ್ನು ಅರಿಯಲು ಲೆಕ್ಕ ಬೇಕು, ಲೆಕ್ಕಕ್ಕೆ ತಾಳ್ಮೆ ಬೇಕು. ಮಾಸ್ತಿಕಟ್ಟೆಗೆ ದೂರವಲ್ಲದ ಬಿದನೂರು, ಇಂದಿನ ನಗರ, ಕೆಳದಿಯ ಅರಸರ ರಾಜಧಾನಿಯಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಆಳಿದ ಶಿವಪ್ಪನಾಯಕನ ಕಂದಾಯದ ವ್ಯವಸ್ಥೆ 'ಶಿಸ್ತು' ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು. ಬಗೆಬಗೆಯ ನೆಲಗಳಲ್ಲಿ ಹನ್ನೆರಡು ವರ್ಷಗಳ ಕಾಲ ಬೆಳೆ, ಖರ್ಚುಗಳ ಲೆಕ್ಕವನ್ನು ಇಡಿಸಿದ ಮೇಲೆಯೇ ಅವನು ಕಂದಾಯವನ್ನು ಗೊತ್ತುಮಾಡಿದನೆಂದು ಪರಂಪರೆ ಹೇಳುತ್ತದೆ. ಒಂದು ರಾಜ್ಯವೇ ನೆಲದ ಮಾತನ್ನು ಕೇಳಲು ಹನ್ನೆರಡು ವರ್ಷ ಕಾಯಬಲ್ಲುದಾದರೆ, ನಾಲ್ಕು ಮಡಿಯವನು ಒಂದು ಮಳೆಗಾಲವನ್ನಾದರೂ ಕಾದು ನೋಡಬಾರದೆ?

'ಮಡಿ' ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಇನ್ನೊಂದು ಅರ್ಥವೂ ಇದೆ. ಯಾರನ್ನೂ ಮುಟ್ಟದೆ, ಯಾರಿಂದಲೂ ಮುಟ್ಟಿಸಿಕೊಳ್ಳದೆ, ತಾನೊಬ್ಬನೇ ಶುದ್ಧನೆಂದು ದೂರ ನಿಲ್ಲುವುದೂ ಮಡಿಯೇ. ಶರಣರು ಆ ಮಡಿಮೈಲಿಗೆಯ ಭೇದವನ್ನು ಒಪ್ಪಲಿಲ್ಲ. "ನನಗೆ ಯಾರೂ ಬೇಡ" ಎಂಬ ಸ್ವಾವಲಂಬನೆಯು ಆ ಹಳೆಯ ಮಡಿಯೇ ಹೊಸ ಉಡುಪಿನಲ್ಲಿ ಬಂದದ್ದು. ಹಿತ್ತಲಿನ ಮಡಿಯ ಸ್ವಭಾವ ಅದಕ್ಕೆ ವಿರುದ್ಧವಾದದ್ದು. ಸಗಣಿ, ಬೂದಿ, ಕೊಳೆತ ಎಲೆ, ಎರೆಹುಳು, ಅಕ್ಕಪಕ್ಕದ ಮನೆಯ ತಾಯಂದಿರು ಸೆರಗಿನಲ್ಲಿ ಕಟ್ಟಿಕೊಟ್ಟ ಸೌತೆಯ ಬೀಜ, ಎಲ್ಲವೂ ಮುಟ್ಟಿದ್ದರಿಂದಲೇ ಅದು ಫಲವತ್ತಾಗುತ್ತದೆ. ಮುಟ್ಟಿಸಿಕೊಳ್ಳದ ಮಡಿಯಲ್ಲಿ ಏನೂ ಬೆಳೆಯುವುದಿಲ್ಲ.

"ಇಷ್ಟೆಲ್ಲ ಋಣವಿರುವುದಾದರೆ ಅಂಗಡಿಯಿಂದ ಕೊಂಡು ತಿನ್ನುವುದಕ್ಕೂ ಬೆಳೆದು ತಿನ್ನುವುದಕ್ಕೂ ಭೇದವೇನು?" ಎಂದು ತಾವು ಕೇಳಬಹುದು. ಭೇದವಿದೆ. ಹಣ ಕೊಟ್ಟು ಕೊಂಡವನಿಗೆ ಋಣ ಅಲ್ಲಿಗೇ ತೀರಿತೆಂಬ ಭಾವನೆ ಬರುತ್ತದೆ. ಸ್ವತಃ ಬೆಳೆದವನಿಗೆ ಒಂದು ಸೌತೆಕಾಯಿಯ ಹಿಂದೆ ಎಷ್ಟು ಕೈಗಳಿವೆ, ಎಷ್ಟು ಎಲೆಗಳಿವೆ ಎಂಬುದು ಬೆನ್ನು ಬಾಗಿಸಿದಾಗ ಗೊತ್ತಾಗುತ್ತದೆ. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಯೊಡನೆ ಎರಡು ರೂಪಾಯಿಗೆ ಚೌಕಾಶಿ ಮಾಡುವುದನ್ನು ಅವನು ತಾನಾಗಿಯೇ ಬಿಡುತ್ತಾನೆ. ಮಂಗ ಬಂದು ಅರ್ಧ ಬೆಳೆಯನ್ನು ಕಿತ್ತುಹಾಕಿದ ದಿನ, ಬೆಳೆಯನ್ನೇ ನಂಬಿ ಬದುಕುವ ರೈತನ ಎದೆ ಹೇಗೆ ಕುಸಿಯುತ್ತದೆಂಬುದು ಅವನಿಗೆ ಅರ್ಥವಾಗುತ್ತದೆ. ಈ ಅರಿವು ಬಾರದಿದ್ದರೆ ಹಿತ್ತಲು ಬರಿಯ ಹವ್ಯಾಸ. ಬಂದರೆ ಅದು ಕಾಯಕ.

ಮಠದ ಹಳೆಯ ವಿದ್ಯಾರ್ಥಿಗಳಾದ ತಮಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಪ್ರಸಾದನಿಲಯದ ಪಂಕ್ತಿಯಲ್ಲಿ ತಮ್ಮ ತಟ್ಟೆಗೆ ಬಿದ್ದ ಅನ್ನ ಯಾವ ಊರಿನ ಯಾವ ಹೊಲದ್ದೆಂದು ತಾವು ತಿಳಿಯಲಿಲ್ಲ. ಕೊಟ್ಟ ರೈತನಿಗೂ ಅದನ್ನುಂಡ ಹುಡುಗ ಯಾರೆಂಬುದು ತಿಳಿಯಲಿಲ್ಲ. ಅವನ ಹೆಸರು ಗೊತ್ತಿಲ್ಲದ ಕಾರಣ ಆ ಋಣವನ್ನು ಅವನಿಗೇ ಹಿಂದಿರುಗಿಸುವಂತಿಲ್ಲ, ಮುಂದಿನವರಿಗೆ ಸಲ್ಲಿಸಬಹುದು. ಆದುದರಿಂದ ಈ ವರ್ಷ ಮಡಿ ಕಟ್ಟುವವರು ಹತ್ತು ಕಟ್ಟುವ ಉತ್ಸಾಹವಿದ್ದರೂ ಎರಡರಿಂದ ಪ್ರಾರಂಭಿಸಲಿ. ಗುದ್ದಲಿಯನ್ನು ಸ್ವಲ್ಪ ಹೊತ್ತಾದರೂ ತಾವೇ ಹಿಡಿಯಲಿ. ಕೂಲಿಯವರು ಹಿಡಿದರೆ ಅವರ ಕೂಲಿಯನ್ನು ಸಂಜೆಗೆ ಮುನ್ನ ಸಲ್ಲಿಸಲಿ. ದರಕನ್ನು ತಂದ ಮರದ ಬಳಿ ಮಳೆ ಹಿಡಿಯುವಾಗ ಒಂದು ಸಸಿಯನ್ನು ನೆಡಲಿ. ಕಾಲುವೆಯ ಬಾಯನ್ನು ತಿರುಗಿಸುವ ಮೊದಲು ಕೆಳಗಿನ ಮನೆಯವರನ್ನು ಕೇಳಲಿ. ಬಲಿತ ಮೊದಲ ಕಾಯನ್ನು ಬೀಜಕ್ಕೆ ಬಿಟ್ಟು, ಆ ಬೀಜದಲ್ಲಿ ಒಂದು ಹಿಡಿಯನ್ನು ಬೇಡಿದವರಿಗಾಗಿ ತೆಗೆದಿಡಲಿ. ಊಟಕ್ಕೆ ಕುಳಿತಾಗ ಎಲೆಯ ಮೇಲಿನ ಪಲ್ಯವನ್ನು ನೋಡಿ "ಇದು ನನ್ನದು" ಎನ್ನುವುದಕ್ಕೆ ಮುಂಚೆ, ಅದರಲ್ಲಿ ತನ್ನದೆಷ್ಟು ಎಂದು ಒಮ್ಮೆ ಕೇಳಿಕೊಂಡು ಉಣ್ಣಲಿ.